ಚರ್ಚೆಯಿದೆ, ಲೆಕ್ಕವಿಲ್ಲ

ಪ್ರಿಯ ಬರಹಗಾರರೇ,

‘ಬಂಡವಾಳಶಾಹಿಗೆ ಸಮಾಜವಾದ ಪರ್ಯಾಯವಾದೀತೇ?’ ಎಂಬ ನಿಮ್ಮ ಸಂವಾದ ಲೇಖನವನ್ನು ಎರಡು ಸಲ ಓದಿದೆವು. ಮಡಿಕೇರಿಯ ರಾಜಾಸೀಟಿನಲ್ಲಿ ಕೂತು ನಿವೃತ್ತ ಮೇಷ್ಟ್ರೊಬ್ಬರು ಸಮಾಜವಾದದ ಪರ ಮಾತಾಡುತ್ತಾರೆ, ಯುವ ಕಾಫಿ ಬೆಳೆಗಾರನೊಬ್ಬ ಬಂಡವಾಳಶಾಹಿಯ ಪರ ಮಾತಾಡುತ್ತಾನೆ. ಕೊನೆಗೆ ಮಂಜು ಇಳಿಯುತ್ತದೆ, ‘ಎರಡರಲ್ಲೂ ಒಳ್ಳೆಯದಿದೆ’ ಎಂದು ಇಬ್ಬರೂ ಎದ್ದು ಹೋಗುತ್ತಾರೆ. ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಆದರೆ ನಿಮ್ಮ ಗದ್ಯ ಚುರುಕಾಗಿದೆ, ಇಬ್ಬರ ಮಾತಿನ ಧಾಟಿಯೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತದೆ. ತಿದ್ದಿ ಬರೆದರೆ ಇದು ಓದಲೇಬೇಕಾದ ಲೇಖನವಾಗುತ್ತದೆ ಎಂಬ ನಂಬಿಕೆಯಿಂದಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇವೆ.

ಮುಖ್ಯ ತೊಂದರೆ ಇದು. ಸಮಾಜವಾದ, ಬಂಡವಾಳಶಾಹಿ ಎಂಬೆರಡು ಪದಗಳನ್ನು ನೀವು ಇಡಿಯಾಗಿ ಎದುರುಬದುರು ನಿಲ್ಲಿಸಿದ್ದೀರಿ. ಇಡಿಯಾಗಿ ನಿಲ್ಲಿಸಿದರೆ ವಾದ ಮುಂದೆ ಹೋಗುವುದಿಲ್ಲ. ಒಬ್ಬರು ಸ್ಟಾಲಿನ್ ಕಾಲದ ಹಸಿವನ್ನು ತೋರಿಸುತ್ತಾರೆ, ಇನ್ನೊಬ್ಬರು ವಸಾಹತುಗಳ ಹಸಿವನ್ನು ತೋರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಯಾವ ಆರ್ಥಿಕ ವ್ಯವಸ್ಥೆಯನ್ನಾದರೂ ಬಿಡಿಸಿ ನೋಡಲು ನಾಲ್ಕು ಪ್ರಶ್ನೆ ಬೇಕು: ಭೂಮಿ, ಯಂತ್ರ, ಹಣ ಯಾರ ಒಡೆತನದ್ದು? ಏನನ್ನು, ಎಷ್ಟು, ಯಾವ ಬೆಲೆಗೆ ಎಂಬುದು ಹೇಗೆ ತೀರ್ಮಾನವಾಗುತ್ತದೆ? ಕೆಲಸದ ಜಾಗದಲ್ಲಿ ಯಾರ ಮಾತು ನಡೆಯುತ್ತದೆ? ನಷ್ಟ ಬಂದಾಗ ಯಾರ ಮೈಮೇಲೆ ಬರುತ್ತದೆ? ಈ ನಾಲ್ಕಕ್ಕೂ ಒಂದೇ ಬಣ್ಣದ ಉತ್ತರ ಇರಬೇಕೆಂಬ ನಿಯಮವಿಲ್ಲ. ನಿಮ್ಮ ಬೆಳೆಗಾರ ‘ಸಂತೆ ಇರುವಲ್ಲಿ ಬಂಡವಾಳಶಾಹಿ ಇದೆ’ ಎನ್ನುವುದು ಇದೇ ಗೊಂದಲದಿಂದ. ಸಂತೆ ಸಾವಿರಾರು ವರ್ಷ ಹಳೆಯದು. ಬಂಡವಾಳಶಾಹಿಯ ಗುರುತು ಸಂತೆಯಲ್ಲ; ಉತ್ಪಾದನೆಯ ಸಾಧನ ಕೆಲವರ ಕೈಯಲ್ಲಿದ್ದು, ಉಳಿದವರು ಕೂಲಿಗೆ ದುಡಿಯುವುದು.

ಕೊಡಗಿನಲ್ಲಿ ಕೂತು ಬರೆಯುವ ನಿಮಗೆ ಈ ನಾಲ್ಕು ಪ್ರಶ್ನೆಗಳನ್ನು ಒರೆಗೆ ಹಚ್ಚಲು ಕೈಗೆಟಕುವಂಥ ಉದಾಹರಣೆಯೊಂದಿದೆ. ಅದನ್ನು ನೀವು ಮುಟ್ಟಿಯೇ ಇಲ್ಲ ಎನ್ನುವುದು ನಮ್ಮ ದೊಡ್ಡ ದೂರು. ಅದು ಕಾಫಿ ಮಂಡಳಿಯ ಪೂಲಿಂಗ್ ಪದ್ಧತಿ, ಎಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುವ ಏರ್ಪಾಡು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲು ಬಂದ ಏರ್ಪಾಡು 1942ರ ಕಾಯ್ದೆಯಿಂದ ಗಟ್ಟಿಯಾಯಿತು. ಮನೆ ಬಳಕೆ ಮತ್ತು ಬಿತ್ತನೆಗೆ ಬೇಕಾದ್ದು ಬಿಟ್ಟು ಬೆಳೆದ ಕಾಫಿಯನ್ನೆಲ್ಲ ಪೂಲಿಗೆ ಒಪ್ಪಿಸಬೇಕು. ಬೇರೆಯವರಿಗೆ ಮಾರಿದರೆ ಅಪರಾಧ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಹಸನಾಗಿ ದರ್ಜೆಯಾಗುತ್ತಿತ್ತು. ಬೆಳೆಗಾರನಿಗೆ ಮೊದಲೊಂದು ಕಂತು ಸಿಗುತ್ತಿತ್ತು. ಮಂಡಳಿ ಹರಾಜಿನಲ್ಲಿ ಮಾರಿದ ಹಾಗೆ ಉಳಿದ ಕಂತುಗಳು ಬರುತ್ತಿದ್ದವು. ಕೊನೆಯ ಲೆಕ್ಕ ಚುಕ್ತಾ ಆಗುವ ಹೊತ್ತಿಗೆ ಮುಂದಿನ ಕೊಯ್ಲು ಬಂದಿರುತ್ತಿತ್ತು.

ಇದಕ್ಕೆ ನಾಲ್ಕು ಪ್ರಶ್ನೆ ಹಾಕಿ ನೋಡಿ. ತೋಟ ಖಾಸಗಿ. ಮಾರಾಟ ಸಾಮೂಹಿಕ, ಅದೂ ಕಾನೂನಿನ ಬಲದಿಂದ. ತೋಟದೊಳಗೆ ಮಾಲೀಕನ ಮಾತೇ ಮಾತು. ಬೆಲೆ ಕುಸಿದರೆ ಏಟು ಎಲ್ಲರಿಗೂ ಹಂಚಿಹೋಗುತ್ತಿತ್ತು. ಏರಿದರೆ ಲಾಭವೂ ಹಂಚಿಹೋಗುತ್ತಿತ್ತು. ಸಣ್ಣ ಬೆಳೆಗಾರನಿಗೆ ವ್ಯಾಪಾರಿಯ ಮುಂದೆ ಒಂಟಿಯಾಗಿ ನಿಲ್ಲುವ ಸಂಕಟ ತಪ್ಪಿತು. ಇದು ನಿಮ್ಮ ಮೇಷ್ಟ್ರು ಹೇಳಬೇಕಾದ ಮಾತು. ಅವರ ಬಾಯಿಗೆ ನೀವು ಬರೀ ‘ಸಮಾನತೆ’ ತುರುಕಿದ್ದೀರಿ.

ಕೆಟ್ಟದ್ದು ಎಲ್ಲಿ? ದರ್ಜೆಯೊಳಗೆ ಎಲ್ಲವೂ ಸರಾಸರಿ. ಕಣದಲ್ಲಿ ದಿನಕ್ಕೆ ಹಲವು ಸಲ ಕಾಫಿ ಕೈಯಾಡಿಸಿ, ಹಣ್ಣನ್ನಷ್ಟೇ ಆರಿಸಿ ಕೊಯ್ದವನ ಹೆಚ್ಚುವರಿ ಶ್ರಮ ಆ ಸರಾಸರಿಯಲ್ಲಿ ಕರಗಿಹೋಗುತ್ತಿತ್ತು. ತನ್ನ ಕಾಫಿಯನ್ನು ಕೊಂಡವರು ಯಾರು, ಏಕೆ ಮೆಚ್ಚಿದರು ಎಂಬುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಹಣ ತಡವಾದಾಗ ಸಾಲದ ಬಡ್ಡಿ ಅವನದೇ. ಜೊತೆಗೆ ಮಂಡಳಿಯ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ, ಡಾಲರ್ ಬದಲು ರೂಪಾಯಿಯಲ್ಲೇ ಲೆಕ್ಕ ತೀರಿಸುವ ರೂಪಾಯಿ ವ್ಯಾಪಾರದಲ್ಲಿ. 1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ಮಿತಿ ಹಾಕಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಕುಸಿಯಿತು, 1991ರ ಕೊನೆಗೆ ಆ ಗಿರಾಕಿಯೂ ಇಲ್ಲವಾಯಿತು. 1992ರಿಂದ ಹಂತಹಂತವಾಗಿ ಸಡಿಲವಾದ ಪೂಲಿಂಗ್ 1996ರಲ್ಲಿ ಪೂರ್ತಿ ಮುಗಿಯಿತು.

ಆಮೇಲಿನ ಕಥೆಯನ್ನು ನಿಮ್ಮ ಬೆಳೆಗಾರ ಅರ್ಧಕ್ಕೇ ನಿಲ್ಲಿಸುತ್ತಾನೆ. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದು ಬೆಲೆ ಜಿಗಿದಾಗ ಮುಕ್ತ ಮಾರಾಟದ ಪಾಲು ಸಿಕ್ಕಿದ್ದವರಿಗೆ ಲಾಭವಾದದ್ದು ನಿಜ. ಆದರೆ 2001–02ರ ಹೊತ್ತಿಗೆ ಜಾಗತಿಕ ಬೆಲೆ ದಶಕಗಳಲ್ಲೇ ಕಾಣದಷ್ಟು ಕೆಳಗಿಳಿಯಿತು. ಆಗ ಏಟು ಹಂಚಿಕೊಳ್ಳಲು ಪೂಲ್ ಇರಲಿಲ್ಲ. ಎರಡನ್ನೂ ಬರೆಯಿರಿ. 2024ರಲ್ಲಿ ರೊಬಸ್ಟಾ ಚೆರ್ರಿಯ (ಸಿಪ್ಪೆಸಹಿತ ಒಣಗಿಸಿದ ಕಾಫಿ) 50 ಕಿಲೋ ಚೀಲ 10,000 ರೂಪಾಯಿ ದಾಟಿದ್ದನ್ನು ಮಾತ್ರ ಬರೆದು ‘ಮಾರುಕಟ್ಟೆ ಗೆದ್ದಿತು’ ಎಂದರೆ ಅದು ಒಂದು ವರ್ಷದ ಸಂತೋಷ, ವಾದವಲ್ಲ.

2001–02ರ ಕುಸಿತಕ್ಕೆ ದೊಡ್ಡ ಕಾರಣಗಳಲ್ಲೊಂದು ವಿಯೆಟ್ನಾಂ. ಇದನ್ನು ನೀವು ಲೇಖನದ ನಡುಮಧ್ಯೆ ಇಡಬೇಕೆಂದು ನಮ್ಮ ಒತ್ತಾಯ, ಏಕೆಂದರೆ ನಿಮ್ಮ ಎರಡು ಗೂಡುಗಳನ್ನೂ ಅದು ಒಡೆಯುತ್ತದೆ. ಅಲ್ಲಿ ಆಳುವುದು ಕಮ್ಯುನಿಸ್ಟ್ ಪಕ್ಷ. ಮಾರುಕಟ್ಟೆಯತ್ತ ತಿರುಗಿದ 1986ರ ‘ದೊಯ್ ಮೊಯ್’ ಸುಧಾರಣೆ, 1988ರ ಪಕ್ಷದ ನಿರ್ಣಯದ ನಂತರ ಸಾಮೂಹಿಕ ಕೃಷಿ ಕರಗಿ ಸಾಗುವಳಿ ಕುಟುಂಬಗಳ ಕೈಗೆ ಬಂತು. ಕಾನೂನಿನ ಪ್ರಕಾರ ಭೂಮಿ ಇಂದಿಗೂ ಇಡೀ ಜನತೆಯದ್ದು. ಕುಟುಂಬಕ್ಕಿರುವುದು ಬಳಕೆಯ ಹಕ್ಕು; 1993ರಿಂದ ಅದನ್ನು ವಾರಸಾಗಿ ಕೊಡಬಹುದು, ಅಡವಿಡಬಹುದು. ಬೆಲೆ ಮಾತ್ರ ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಕಟ್ಟುವ ಲಂಡನ್ನಿನ ರೊಬಸ್ಟಾ ವಾಯಿದೆ ಮಾರುಕಟ್ಟೆಯದ್ದು. 2000ದ ಸುಮಾರಿಗೆ ಆ ದೇಶ ಜಗತ್ತಿನ ಎರಡನೇ ದೊಡ್ಡ ಕಾಫಿ ಉತ್ಪಾದಕನಾಯಿತು. ಅಂದರೆ ಸಮಾಜದ ಒಡೆತನದ ಭೂಮಿಯಲ್ಲಿ ಮಾರುಕಟ್ಟೆಗೆಂದು ಬೆಳೆದ ಕಾಫಿ, ಖಾಸಗಿ ಒಡೆತನದ, ಕೊಡಗಿನ ಸಿದ್ದಾಪುರದ ತೋಟವನ್ನು ತತ್ತರಿಸುವಂತೆ ಮಾಡಿತು. ಇಲ್ಲಿ ಗೆದ್ದದ್ದು ಯಾವುದು? ನಿಮ್ಮ ಇಬ್ಬರೂ ಪಾತ್ರಗಳು ಈ ಪ್ರಶ್ನೆಗೆ ಬೆವರಬೇಕು.

ಸೋವಿಯತ್ ಭಾಗ ತೀರಾ ತೆಳುವಾಗಿದೆ. ‘ಜನ ಸೋಮಾರಿಗಳಾದರು, ಅದಕ್ಕೇ ಬಿತ್ತು’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಕಾರಣ ಏರ್ಪಾಡಿನಲ್ಲೇ ಇತ್ತು. ಈ ವರ್ಷ ಗುರಿ ಮೀರಿ ಉತ್ಪಾದಿಸಿದ ಕಾರ್ಖಾನೆಗೆ ಮುಂದಿನ ವರ್ಷ ಗುರಿ ಏರುತ್ತಿತ್ತು. ಆದ್ದರಿಂದ ಮ್ಯಾನೇಜರ್ ತನ್ನ ಶಕ್ತಿಯನ್ನು ಮುಚ್ಚಿಟ್ಟು, ಕಚ್ಚಾವಸ್ತು ಸಿಕ್ಕಾಗ ಬೇಕಾದ್ದಕ್ಕಿಂತ ಹೆಚ್ಚು ಕೂಡಿಡುತ್ತಿದ್ದ. ಎಲ್ಲರೂ ಕೂಡಿಟ್ಟಾಗ ಎಲ್ಲೆಡೆ ಕೊರತೆ. ನಷ್ಟವಾದರೆ ಸರ್ಕಾರ ತುಂಬಿಕೊಡುತ್ತಿತ್ತು, ಹಾಗಾಗಿ ನಷ್ಟದಿಂದ ಯಾರೂ ಪಾಠ ಕಲಿಯಬೇಕಿರಲಿಲ್ಲ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯಿ ಇದನ್ನು ವಿವರವಾಗಿ ಬಿಡಿಸಿದ್ದಾರೆ. ಇದೇ ರೋಗ ನಮ್ಮ ನಷ್ಟದ ಸಾರ್ವಜನಿಕ ಉದ್ದಿಮೆಗಳಿಗೂ, ಸರ್ಕಾರ ಎತ್ತಿ ನಿಲ್ಲಿಸುವ ದೊಡ್ಡ ಖಾಸಗಿ ಬ್ಯಾಂಕುಗಳಿಗೂ ತಗಲುತ್ತದೆ. ಮೇಷ್ಟ್ರು ಕೊಡಬಹುದಾದ ಒಳ್ಳೆಯ ಉತ್ತರ ಇದು.

ಬೆಲೆಯ ಬಗ್ಗೆ ಅರ್ಥಶಾಸ್ತ್ರಜ್ಞರ ನಡುವೆ ನಡೆದ ದೊಡ್ಡ ವಾದವನ್ನು ಒಂದು ಪುಟ ಬರೆಯಿರಿ. ಒಡೆತನ ಖಾಸಗಿಯಲ್ಲದಿದ್ದರೆ ಯಂತ್ರ, ಭೂಮಿಗಳಿಗೆ ನಿಜವಾದ ಬೆಲೆಯೇ ಹುಟ್ಟುವುದಿಲ್ಲ, ಬೆಲೆಯಿಲ್ಲದೆ ಲೆಕ್ಕ ಹಾಕಲಾಗದು ಎಂದು 1920ರಲ್ಲಿ ಲುಡ್ವಿಗ್ ಫಾನ್ ಮೀಸಸ್ ವಾದಿಸಿದರು. ಕೊರತೆ ಕಂಡಲ್ಲಿ ಬೆಲೆ ಏರಿಸಿ, ಉಳಿಕೆ ಕಂಡಲ್ಲಿ ಇಳಿಸಿ ಯೋಜನಾ ಮಂಡಳಿಯೇ ಸರಿಯಾದ ಬೆಲೆಗೆ ಬರಬಹುದು ಎಂದು 1930ರ ದಶಕದಲ್ಲಿ ಆಸ್ಕರ್ ಲಾಂಗೆ ಉತ್ತರಿಸಿದರು. ತಿಳಿವಳಿಕೆ ಸಾವಿರಾರು ಜನರಲ್ಲಿ ಚದುರಿದೆ, ಅದನ್ನು ಒಂದು ಕಚೇರಿಗೆ ತರಲಾಗದು ಎಂದು 1945ರಲ್ಲಿ ಹಯೆಕ್ ಹೇಳಿದರು. ನಿಮ್ಮ ಬೆಳೆಗಾರನಿಗೆ ಈ ಮಾತು ಪುಸ್ತಕದಿಂದ ಬರಬಾರದು, ತೋಟದಿಂದ ಬರಬೇಕು. ರೊಬಸ್ಟಾಗೆ ಹೂ ಅರಳಿಸುವ ಮಳೆ (ಹೂಮಳೆ) ಒಂದರಿಂದ ಒಂದೂವರೆ ಇಂಚು ಬೇಕು. ಸುಂಟಿಕೊಪ್ಪದಲ್ಲಿ ಅರ್ಧ ಇಂಚು ಬಿದ್ದು ನಿಂತರೆ ಮೊಗ್ಗು ಅರ್ಧದಲ್ಲೇ ಸುಟ್ಟುಹೋಗುವ ಅಪಾಯ. ಆ ದಿನವೇ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬುದು ತೋಟದಲ್ಲಿ ನಿಂತವನಿಗಷ್ಟೇ ಗೊತ್ತು. ಹಯೆಕ್ ಹೇಳಿದ್ದು ಇದನ್ನೇ. ಆದರೆ ಮೇಷ್ಟ್ರು ಕೂಡಲೇ ಕೇಳಬೇಕು: ಪೂಲಿಂಗ್ ಕಾಲದಲ್ಲೂ ಸ್ಪ್ರಿಂಕ್ಲರ್ ತೀರ್ಮಾನ ನಿನ್ನದೇ ಆಗಿತ್ತಲ್ಲ? ಬೆಳೆಯುವ ತಿಳಿವಳಿಕೆ ಆಗ ಕಳೆದುಹೋಗಲಿಲ್ಲ, ಕೊಳ್ಳುವವನ ಸುದ್ದಿ ಮಾತ್ರ ಕಳೆದುಹೋಯಿತು. ಈ ವ್ಯತ್ಯಾಸ ಸಿಕ್ಕಿದರೆ ನಿಮ್ಮ ಲೇಖನಕ್ಕೆ ಬೆನ್ನೆಲುಬು ಸಿಕ್ಕಿತು.

ಬೆಲೆ ಎಂಬುದು ಬರೀ ಸುದ್ದಿಯಲ್ಲ ಎನ್ನುವುದನ್ನೂ ಸೇರಿಸಿ. ಇಂದು 50 ಕಿಲೋ ಚೆರ್ರಿ ಚೀಲದ ಬೆಲೆ ಔಟ್‌ಟರ್ನ್ ಮೇಲೆ ನಿಲ್ಲುತ್ತದೆ. ಔಟ್‌ಟರ್ನ್ 28 ಎಂದರೆ ಆ ಚೀಲದಿಂದ 28 ಕಿಲೋ ಹಸನಾದ ಬೀಜ. 26 ಎಂದು ಬರೆದರೆ ಚೀಲವೊಂದಕ್ಕೆ 2 ಕಿಲೋ ಬೀಜದ ಹಣ ಹೋಯಿತು. ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ತೇವ ಅಳೆಯುವ ಯಂತ್ರ ಯಾರ ಮೇಜಿನ ಮೇಲಿದೆ ಎಂಬುದು ಮುಕ್ತ ಮಾರುಕಟ್ಟೆಯ ದೊಡ್ಡ ಪ್ರಶ್ನೆ.

ಸ್ವೀಡನ್ ಪ್ಯಾರಾ ಅರ್ಧಕ್ಕೆ ಇಳಿಸಿ. ಅಲ್ಲಿ ಉದ್ದಿಮೆಗಳ ಬಹುಪಾಲು ಖಾಸಗಿ; ತೆರಿಗೆ ಹೆಚ್ಚು, ಕಾರ್ಮಿಕ ಸಂಘಗಳು ಬಲಿಷ್ಠ. ಒಡೆತನವನ್ನೇ ಕಾರ್ಮಿಕರತ್ತ ಸರಿಸುವ ನಿಧಿಗಳನ್ನು 1980ರ ದಶಕದಲ್ಲಿ ತಂದು, 1990ರ ದಶಕದ ಆರಂಭದಲ್ಲಿ ರದ್ದು ಮಾಡಿದರು. ಅಷ್ಟು ಸಾಕು.

ಇನ್ನು ನಮ್ಮನ್ನು ನಿಜಕ್ಕೂ ನೋಯಿಸಿದ್ದು. ಸಮಾಜವಾದದ ಬಗ್ಗೆ ಕೊಡಗಿನಲ್ಲಿ ಕೂತು ಬರೆದ ಇಷ್ಟು ಉದ್ದದ ಲೇಖನದಲ್ಲಿ ಲೈನ್‌ಮನೆ, ಎಂದರೆ ತೋಟದ ಕೂಲಿಯವರಿಗೆ ಮಾಲೀಕ ಕೊಡುವ ಸಾಲುಮನೆ, ಒಂದು ಸಲವೂ ಬರುವುದಿಲ್ಲ. ಪೂಲಿಂಗ್ ಪದ್ಧತಿಯಲ್ಲಿ ಪಾಲು ಇದ್ದದ್ದು ಬೆಳೆಗಾರನಿಗೆ, ಕೊಯ್ದವಳಿಗಲ್ಲ. ಕೆಲಸ ಬಿಟ್ಟರೆ ಮನೆಯೂ ಹೋಗುವ ಲೈನ್‌ಮನೆಯಲ್ಲಿ ಮೂರನೇ ಪ್ರಶ್ನೆಗೆ ಉತ್ತರ ಮಾಲೀಕ, ನಾಲ್ಕನೆಯದಕ್ಕೆ ಅವಳೇ. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಶಿಶುವಿಹಾರ, ಚಿಕಿತ್ಸೆ ಕೊಡಬೇಕೆಂದಿತು, ಆದರೆ 1981ರ ತಿದ್ದುಪಡಿಯ ನಂತರವೂ ಅದರ ವ್ಯಾಪ್ತಿ 5 ಹೆಕ್ಟೇರ್ ಮತ್ತು 15 ಕೆಲಸಗಾರರಿಂದ ಶುರುವಾಗುತ್ತಿತ್ತು. ಸಣ್ಣ ತೋಟಗಳ ಕೂಲಿಯವರು ಹೊರಗೇ ಉಳಿದರು. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಎದ್ದ ಪ್ರಶ್ನೆಯೂ ಇದೇ. ಲೈನ್‌ಮನೆ ಬಿಟ್ಟವರು ಎಲ್ಲಿ ನಿಲ್ಲಬೇಕು? ಮೂರನೇ ಪಾತ್ರವೊಂದು ಬೇಕು: ಕೂಲಿ ಕೆಲಸದ ಹೆಂಗಸು. ಅವಳು ಇಬ್ಬರಿಗೂ ಎರಡೇ ಪ್ರಶ್ನೆ ಕೇಳಲಿ. ಭಾಷಣ ಕೊಡಿಸಬೇಡಿ.

ಇದಕ್ಕೆ ಎದುರಾಗಿ ಇಡಲು ಅದೇ ಕಾಫಿಯ ಇನ್ನೊಂದು ತುದಿಯಿದೆ. ಮಂಡಳಿ 1950ರ ದಶಕದಲ್ಲಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸ ಕಳೆದುಕೊಂಡವರೇ ಸಹಕಾರ ಸಂಘ ಕಟ್ಟಿದರು. ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ. ಬಡಿಸುವವರೇ ಒಡೆಯರು. ದಶಕಗಳಿಂದ ನಡೆದುಕೊಂಡು ಬಂದಿದೆ. ಆದರೆ ಇಂಥ ಸಂಘಗಳಿಗೆ ಬೆಳೆಯಲು ಬಂಡವಾಳ ಎಲ್ಲಿಂದ ಬರಬೇಕು ಎಂಬುದು ಬಗೆಹರಿಯದ ತೊಡಕು. ಸ್ಪೇನಿನ ಬಾಸ್ಕ್ ಸೀಮೆಯಲ್ಲಿ 1956ರಲ್ಲಿ ಶುರುವಾದ, ಕಾರ್ಮಿಕರದೇ ಒಡೆತನದ ಸಹಕಾರಿ ಉದ್ದಿಮೆಗಳ ಗುಂಪು ಮೊಂಡ್ರಾಗೊನ್ ಸ್ವಂತ ಬ್ಯಾಂಕ್ ಕಟ್ಟಿ ಇದಕ್ಕೆ ದಾರಿ ಹುಡುಕಿತು, ಗರಿಷ್ಠ ಸಂಬಳವನ್ನು ಕನಿಷ್ಠದ ಸುಮಾರು ಆರು ಪಟ್ಟಿಗೆ ಹಿಡಿದಿಟ್ಟಿತು. 2013ರಲ್ಲಿ ಅದರ ಗೃಹೋಪಕರಣ ಘಟಕ ಫಾಗೋರ್ ಮುಳುಗಿತು. ಅಲ್ಲಿನ ಸದಸ್ಯರಲ್ಲಿ ಹಲವರಿಗೆ ಸೋದರ ಘಟಕಗಳಲ್ಲಿ ಕೆಲಸ ಸಿಕ್ಕಿತು. ಆ ಮುಳುಗಡೆಯನ್ನೂ ಆ ಕೈಹಿಡಿಯುವಿಕೆಯನ್ನೂ ಒಟ್ಟಿಗೇ ಹೇಳಿ.

ಎರಡು ತಪ್ಪು ತಿದ್ದಲೇಬೇಕು. ‘1974ರ ಭೂಸುಧಾರಣೆ ಕೊಡಗಿನ ತೋಟಗಳನ್ನು ದುಡಿಯುವವರಿಗೆ ಹಂಚಿತು’ ಎಂದಿದ್ದೀರಿ. ಇಲ್ಲ. ಗೇಣಿಯ ಗದ್ದೆಗಳಿಗೆ ಆ ತಿದ್ದುಪಡಿ ತಟ್ಟಿತು. ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ ಕಾಯ್ದೆಯ 104ನೇ ಕಲಮಿನಲ್ಲಿ ವಿನಾಯಿತಿ ಇತ್ತು. ಹಾಗೆಯೇ 1976ರ 42ನೇ ತಿದ್ದುಪಡಿ ಸಂವಿಧಾನದ ಪ್ರಸ್ತಾವನೆಗೆ ‘ಸಮಾಜವಾದಿ’ ಎಂಬ ಪದ ಸೇರಿಸಿತೇ ಹೊರತು ಯಾವ ಕಾರ್ಖಾನೆಯ ಒಡೆತನವನ್ನೂ ಬದಲಿಸಲಿಲ್ಲ.

ತಿದ್ದುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ವಾರ್ಷಿಕ ವರದಿ ತನ್ನಿ. ಸೆಪ್ಟೆಂಬರಿನ ಮಹಾಸಭೆಗೆ ಅಚ್ಚಾಗಿರುತ್ತದೆ, ಸದಸ್ಯರ ಮನೆಯಲ್ಲಿ ಸಿಗುತ್ತದೆ. ಅದರಲ್ಲಿ ಷೇರು ಬಂಡವಾಳ, ಸದಸ್ಯರ ಠೇವಣಿ, ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕಿನಿಂದ ತಂದ ಸಾಲ, ಸುಸ್ತಿ (ಗಡುವು ಮೀರಿದರೂ ತೀರದ ಸಾಲ), ಆಡಿಟ್ ವರ್ಗ ನೋಡಿ. ಠೇವಣಿಗಿಂತ ಹೊರಗಿನ ಸಾಲ ಬಹಳ ದೊಡ್ಡದಿದ್ದರೆ ಸಂಘ ನಿಂತಿರುವುದು ಸದಸ್ಯರ ಹಣದ ಮೇಲಲ್ಲ. ಬೆಳೆ ಸಾಲದ ಶೂನ್ಯ ಬಡ್ಡಿಯನ್ನು ತುಂಬಿಕೊಡುವುದು ಸರ್ಕಾರ ಎಂಬುದನ್ನೂ ಗಮನಿಸಿ. ಎಷ್ಟು ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಮಹಾಸಭೆಗೆ ಎಷ್ಟು ಜನ ಬಂದರು, ಅವರಲ್ಲಿ ತೋಟದ ಕೂಲಿಯವರು ಎಷ್ಟು ಎಂದು ಕಾರ್ಯದರ್ಶಿಯನ್ನು ಕೇಳಿ. ಈ ಅಂಕಿಗಳು ಸೋವಿಯತ್ ಯೋಜನೆಯ ಅಂಕಿಗಳಿಗಿಂತ ನಿಮ್ಮ ಓದುಗರಿಗೆ ಹತ್ತಿರ.

ಮಂಜಿನ ಮುಕ್ತಾಯ ಬೇಡ. ಇಬ್ಬರೂ ಒಪ್ಪದೆ ಏಳಲಿ, ಆದರೆ ಯಾವ ಅಂಶದ ಮೇಲೆ ಒಪ್ಪಲಿಲ್ಲ ಎಂಬುದು ಓದುಗನಿಗೆ ಸ್ಪಷ್ಟವಾಗಲಿ. ಒಬ್ಬರ ವಾದ ಬರೆದ ಮೇಲೆ ಆ ಪಕ್ಷದವರೊಬ್ಬರಿಗೆ ಓದಿ ಹೇಳಿ. ‘ನಾನು ಹೇಳುವುದು ಇದನ್ನೇ’ ಎಂದು ಅವರು ಒಪ್ಪುವ ತನಕ ತಿದ್ದಿ. ಈಗ 4,000 ಪದವಿದೆ, 2,200ಕ್ಕೆ ಇಳಿಸಿ. ರಾಜಾಸೀಟಿನ ಸೂರ್ಯಾಸ್ತದ ವರ್ಣನೆ ಒಂದೇ ಪ್ಯಾರಾ ಸಾಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ಸಂಘದ ವರದಿಯಲ್ಲಿ ಆ ಅಂಕಿಗಳಿರುವ ಪುಟಗಳ ಫೋಟೋವನ್ನೂ ಜೊತೆಗಿಡಿ. ಅಂಕಿಗಳನ್ನು ನಾವೂ ತಾಳೆ ನೋಡುತ್ತೇವೆ.