ದೋಣಿ ಇಂಜಿನ್: ತೊಟ್ಟಿಕ್ಕುವ ನೀರು, ಕಣ್ಣಿಗೆ ಕಾಣದ ಗಾಳಿ

ಪ್ರಶ್ನೆ: ನಮ್ಮ ದೋಣಿಯ ಡೀಸೆಲ್ ಇಂಜಿನ್ನಿಗೆ ಕಡಲ ನೀರು ತಳ್ಳುವ ಪಂಪಿನ ಎಲ್ಬೋ (ಮೊಣಕೈಯಂತೆ ಬಾಗಿದ ಕೊಳವೆ ಜೋಡಣೆ) ಬಳಿ ನೀರು ತೊಟ್ಟಿಕ್ಕುತ್ತದೆ. ಮೂರು ಸಲ ಬಿಚ್ಚಿ, ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿದ್ದಾಯಿತು. ಎರಡು ದಿನ ನಿಂತು ಮತ್ತೆ ಶುರುವಾಗುತ್ತದೆ. ಎಲ್ಬೋ ಸುತ್ತ ಹಸಿರು ಕಿಲುಬು ಕಟ್ಟಿದೆ. ಏನು ಮಾಡಬೇಕು?

ಉತ್ತರ: ಟೇಪ್ ಹೆಚ್ಚಿಸುವುದನ್ನು ಇಲ್ಲಿಗೆ ನಿಲ್ಲಿಸಿ. ಪಂಪಿನ ಬಾಡಿ ಸಾಮಾನ್ಯವಾಗಿ ಎರಕದ ಕಂಚು. ದಪ್ಪ ಟೇಪ್ ಸುತ್ತಿದ ಓರೆ (ತುದಿಗೆ ಸಪೂರವಾಗುವ) ಥ್ರೆಡ್ಡನ್ನು ಅದರೊಳಗೆ ಬಲವಂತವಾಗಿ ತಿರುಗಿಸಿದರೆ ಬೆಣೆ ಹೊಡೆದ ಹಾಗೆ. ಬಾಯಿ ಬಿರುಕು ಬಿಟ್ಟರೆ ಪಂಪೇ ಹೋಯಿತು.

ಮೊದಲು ಥ್ರೆಡ್ ಯಾವ ಜಾತಿಯದೆಂದು ತಿಳಿದುಕೊಳ್ಳಿ. ಅರ್ಧ ಇಂಚು, ಮುಕ್ಕಾಲು ಇಂಚಿನ ಅಳತೆಯಲ್ಲಿ ಬಿಎಸ್‌ಪಿಗೂ (ಬ್ರಿಟಿಷ್ ಪೈಪ್ ಥ್ರೆಡ್) ಎನ್‌ಪಿಟಿಗೂ (ಅಮೆರಿಕದ ಪೈಪ್ ಥ್ರೆಡ್) ಇಂಚಿಗೆ 14 ಸುತ್ತೇ. ಹಾಗಾಗಿ ಒಂದು ಇನ್ನೊಂದರೊಳಗೆ ಸಲೀಸಾಗಿ ಕೂತಂತೆ ಕಾಣುತ್ತದೆ. ಆದರೆ ಹಲ್ಲಿನ ಕೋನ ಬಿಎಸ್‌ಪಿಯಲ್ಲಿ 55 ಡಿಗ್ರಿ, ಎನ್‌ಪಿಟಿಯಲ್ಲಿ 60. ಉಳಿದ ಸಂದಿಯಲ್ಲಿ ನೀರು ಸುರುಳಿ ಸುತ್ತಿಕೊಂಡು ಹೊರಬರುತ್ತದೆ. ಎಷ್ಟು ಬಿಗಿದರೂ ನಿಲ್ಲದ ಸೋರಿಕೆಗೆ ಈ ಬೆರಕೆಯೇ ಕಾರಣವಾಗಿರುವುದುಂಟು. ಎಲ್ಬೋದ್ದು ಓರೆಯಿಲ್ಲದ ನೇರ ಥ್ರೆಡ್ ಆಗಿದ್ದರೆ ಅಲ್ಲಿ ನೀರು ತಡೆಯಬೇಕಾದದ್ದು ಮುಖದಲ್ಲಿರುವ ವಾಷರ್ ಅಥವಾ ಓ-ರಿಂಗ್. ಟೇಪಿಗೆ ಅಲ್ಲಿ ಕೆಲಸವೇ ಇಲ್ಲ.

ಇನ್ನು ಆ ಕಿಲುಬು. ಅದನ್ನು ಉಜ್ಜಿ ತೆಗೆದು, ಎಲ್ಬೋ ಮೇಲೆ ಅರದಿಂದ ಒಂದು ಗೀರು ಎಳೆಯಿರಿ. ಒಳಗೆ ಹಳದಿ ಹೊಳೆದರೆ ಹಿತ್ತಾಳೆ ಗಟ್ಟಿಯಿದೆ. ತಾಮ್ರದ ಹಾಗೆ ನಸುಗೆಂಪಾಗಿ ಕಂಡರೆ ಉಪ್ಪುನೀರು ಅದರೊಳಗಿನ ಸತುವನ್ನು ತಿಂದುಹಾಕಿದೆ. ಉಳಿದದ್ದು ತೂತುತೂತಾದ ತಾಮ್ರ, ಕೈಯಲ್ಲೇ ಮುರಿಯಬಹುದು. ಅಂಥದ್ದನ್ನು ಎಸೆದು ಕಂಚಿನದನ್ನೋ ಸತು ಬಿಡದಂತೆ ತಯಾರಿಸಿದ ಡಿಜೆಡ್‌ಆರ್ ಹಿತ್ತಾಳೆಯದನ್ನೋ ಹಾಕಿ.

ಕೂರಿಸುವ ಕ್ರಮ ಹೀಗೆ. ಕೈ ಹಾಕುವ ಮುನ್ನ ಕಡಲ ನೀರು ಒಳಬರುವ ತಳದ ವಾಲ್ವ್ ಮುಚ್ಚಿ, ಇಂಜಿನ್ ಕೀಲಿಯನ್ನು ಅದರ ಹಿಡಿಗೇ ನೇತುಹಾಕಿ. ವಾಲ್ವ್ ತೆರೆಯದೆ ಇಂಜಿನ್ ಚಾಲೂ ಮಾಡುವ ತಪ್ಪು ಆಗುವುದಿಲ್ಲ. ಎರಡೂ ಕಡೆಯ ಥ್ರೆಡ್ಡನ್ನು ಹಿತ್ತಾಳೆ ತಂತಿಯ ಬ್ರಷ್‌ನಿಂದ ಉಜ್ಜಿ ಅಸಿಟೋನ್‌ನಲ್ಲಿ ಒರೆಸಿ. ಥ್ರೆಡ್ಡಿನ ತುದಿಯನ್ನು ನಿಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಟೇಪನ್ನು 3 ಸುತ್ತು ಎಳೆದು ಸುತ್ತಿ. ತುದಿಯ ಮೊದಲ ಹಲ್ಲು ಬರಿದಾಗಿಯೇ ಇರಲಿ. ಇಲ್ಲದಿದ್ದರೆ ಟೇಪಿನ ಚೂರು ಹರಿದು ನೀರಿನ ಜೊತೆ ಹೋಗಿ, ಇಂಜಿನ್ನಿನ ಬಿಸಿಯನ್ನು ಕಡಲ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳ ಬಾಯಿಗೆ ಕೂರುತ್ತದೆ. ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಒಂದೂವರೆಯಿಂದ ಎರಡು ಸುತ್ತು. ಎಲ್ಬೋ ಬೇಕಾದ ದಿಕ್ಕಿಗೆ ಬರಲಿಲ್ಲವೆಂದು ಹಿಂದಕ್ಕೆ ತಿರುಗಿಸಿದಿರೋ, ಸೀಲ್ ಹರಿಯಿತು. ಬಿಚ್ಚಿ ಹೊಸ ಟೇಪ್ ಸುತ್ತಲೇಬೇಕು. ದಿಕ್ಕು ಹೊಂದಿಸುವ ಜಾಗದಲ್ಲಿ ಟೇಪಿಗಿಂತ ಅನೇರೋಬಿಕ್ ಥ್ರೆಡ್ ಸೀಲಂಟ್ (ಗಾಳಿ ತಾಗದ ಸಂದಿಯಲ್ಲಿ ಗಟ್ಟಿಯಾಗುವ ಅಂಟು) ವಾಸಿ. ಅದು ಗಟ್ಟಿಯಾಗುವ ತನಕ ಹಿಂದೆ ಮುಂದೆ ಸರಿಸಬಹುದು. ನೀರು ಬಿಡುವ ಮುನ್ನ 24 ಗಂಟೆ ಕೊಡಿ. ಲೋಹಕ್ಕೆ ಮಾತ್ರ ಅದು, ಪ್ಲಾಸ್ಟಿಕ್ಕಿಗೆ ಬೇಡ.

ಪ್ರಶ್ನೆ: ಎಲ್ಲೂ ಒಂದು ಹನಿ ಸೋರಿಕೆ ಇಲ್ಲ. ಪಂಪಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್ ಹೊಸದು. ಆದರೂ ವೇಗ ಹೆಚ್ಚಿಸಿದರೆ ಇಂಜಿನ್ ಬಿಸಿಯಾಗುತ್ತದೆ. ಪಂಪಿಗೆ ಮೊದಲು ಕಡಲ ನೀರು ಸೋಸುವ ಸ್ಟ್ರೇನರಿನ ಗಾಜಿನೊಳಗೆ ಗುಳ್ಳೆಗಳು ಕಾಣುತ್ತವೆ.

ಉತ್ತರ: ಆ ಗುಳ್ಳೆಗಳೇ ಉತ್ತರ. ಪಂಪಿನ ನಂತರದ ಕೊಳವೆಯಲ್ಲಿ ಒತ್ತಡವಿರುತ್ತದೆ, ಸಂದಿ ಸಿಕ್ಕರೆ ನೀರು ಹೊರಗೆ ಬರುತ್ತದೆ. ಪಂಪಿನ ಮೊದಲು ಇರುವುದು ಎಳೆತ. ನೀರಿನ ಮಟ್ಟಕ್ಕಿಂತ ಮೇಲಿರುವ ಸಂದಿ ನೀರು ಬಿಡುವುದಿಲ್ಲ, ಗಾಳಿ ಕುಡಿಯುತ್ತದೆ. ವೇಗ ಏರಿದಷ್ಟೂ ಎಳೆತ ಹೆಚ್ಚು, ಗಾಳಿಯೂ ಹೆಚ್ಚು.

ಮೊದಲ ಅನುಮಾನ ಸ್ಟ್ರೇನರಿನ ಮುಚ್ಚಳದ ಓ-ರಿಂಗ್ ಮೇಲೆ. ಚಪ್ಪಟೆಯಾಗಿದ್ದರೆ ಬದಲಿಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಆಮೇಲೆ ಇಂಜಿನ್ ಓಡುತ್ತಿರುವಾಗ ಒಂದೊಂದೇ ಜೋಡಣೆಗೆ ಶೇವಿಂಗ್ ನೊರೆ ಹಚ್ಚಿ ನೋಡಿ (ಬೆಲ್ಟಿನಿಂದ ಕೈ ದೂರವಿರಲಿ). ನೊರೆ ಒಳಗೆ ಎಳೆದುಕೊಂಡು ಗುಳಿ ಬಿದ್ದ ಕಡೆಯೇ ಕಳ್ಳ ಅಡಗಿದ್ದಾನೆ.

ಹೋಸ್ ಸಹ ನೋಡಿ. ಎಳೆತದ ಕಡೆಗೆ ಒಳಗೆ ತಂತಿ ಸುರುಳಿಯಿರುವ ಹೋಸೇ ಬೇಕು. ಮೆತ್ತನೆಯದು ವೇಗದಲ್ಲಿ ಒಳಕ್ಕೆ ಅಪ್ಪಚ್ಚಿಯಾಗಿ, ನಿಲ್ಲಿಸಿದಾಗ ಏನೂ ಆಗದಂತೆ ಉಬ್ಬಿಕೊಳ್ಳುತ್ತದೆ. ಹೋಸ್ ಸಿಕ್ಕಿಸುವ ನಿಪ್ಪಲ್ಲಿಗೆ ಸೀಲಂಟ್ ಬಳಿಯಬೇಡಿ, ಸೋಪಿನ ನೀರು ಸಾಕು. ಕ್ಲಾಂಪ್ ಎರಡಿರಲಿ, ಸ್ಕ್ರೂ ಸಮೇತ 316 ಸ್ಟೇನ್‌ಲೆಸ್ ಸ್ಟೀಲಿನದ್ದು. ಆದರೆ ನಿಪ್ಪಲ್ ಗಿಡ್ಡವಾಗಿದ್ದರೆ ಒಂದೇ ಹಾಕಿ: ನಿಪ್ಪಲ್ಲಿನ ತುದಿ ದಾಟಿ ಕೂತ ಎರಡನೇ ಕ್ಲಾಂಪ್ ಹೋಸನ್ನು ಆ ಅಂಚಿನ ಮೇಲೆ ಒತ್ತಿ ಕತ್ತರಿಸುತ್ತದೆ.

ಪ್ರಶ್ನೆ: ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗುತ್ತಿದೆ. ಎಪಾಕ್ಸಿಯಿಂದ ಮುಚ್ಚಬಹುದೇ?

ಉತ್ತರ: ದಯವಿಟ್ಟು ಬೇಡ. ನೀರಿನ ಸೀಲ್ ಮತ್ತು ಎಣ್ಣೆಯ ಸೀಲ್‌ಗಳ ನಡುವೆ ಆ ತೂತನ್ನು ಬೇಕೆಂದೇ ಬಿಟ್ಟಿರುತ್ತಾರೆ. ನೀರು ಬಂದರೆ ನೀರಿನ ಸೀಲ್ ಸವೆದಿದೆ, ಎಣ್ಣೆ ಬಂದರೆ ಇನ್ನೊಂದು. ಮುಚ್ಚಿದರೆ ಉಪ್ಪುನೀರು ಬೇರಿಂಗಿಗೆ, ಗೇರಿನಿಂದ ತಿರುಗುವ ಪಂಪಿನಲ್ಲಾದರೆ ಇಂಜಿನ್ ಎಣ್ಣೆಗೇ ಹೋಗುತ್ತದೆ. ಸೀಲ್ ಬದಲಿಸುವಾಗ ಶಾಫ್ಟ್ ಮೇಲೆ ಉಗುರು ಎಳೆಯಿರಿ. ಗೀರಿಗೆ ಉಗುರು ಸಿಕ್ಕಿದರೆ ಶಾಫ್ಟನ್ನೂ ಬದಲಿಸಬೇಕು.

ಪ್ರಶ್ನೆ: ಹೀಟ್ ಎಕ್ಸ್‌ಚೇಂಜರಿನ ಲೋಹದ ಬದಲು ತಾನು ಕರಗಲೆಂದು ಇಟ್ಟ ಸತುವಿನ ಕಡ್ಡಿಗೆ ಟೇಪ್ ಸುತ್ತಬೇಕೇ?

ಉತ್ತರ: ಬೇಡ. ಲೋಹಕ್ಕೆ ಲೋಹ ತಾಗಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಅರ್ಧ ಕರಗಿದಾಗಲೇ ಬದಲಿಸಿ, ಮುರಿದು ಒಳಗೆ ಬಿದ್ದ ಚೂರಿದ್ದರೆ ಮುಚ್ಚಳ ಬಿಚ್ಚಿ ತೆಗೆಯಿರಿ.