ಒಂದೇ ಗಾಯಕ್ಕೆ ಎಪ್ಪತ್ತೇಳು ಕ್ಷಮೆ

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಅಣ್ಣ ನನ್ನ ಪಾಲಿನ ಆಸ್ತಿಯನ್ನು ಮೋಸದಿಂದ ತನ್ನ ಹೆಸರಿಗೆ ಮಾಡಿಕೊಂಡ. ಅವನನ್ನು ಕ್ಷಮಿಸಿದ್ದೇನೆ ಎಂದು ಗುರುಗಳ ಬಳಿ ಪಾಪನಿವೇದನೆಯಲ್ಲಿ ಹೇಳಿ ಬಂದೆ. ಆದರೂ ಅವನ ಹೆಸರು ಕಿವಿಗೆ ಬಿದ್ದರೆ ಸಾಕು, ಒಡಲು ಉರಿಯುತ್ತದೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಸಹೋದರನೊಡನೆ ರಾಜಿಯಾಗು ಎಂಬ ಯೇಸುಸ್ವಾಮಿಯ ಮಾತು ನೆನಪಾಗಿ ಎರಡು ತಿಂಗಳಿಂದ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿಲ್ಲ. ನನ್ನ ಕ್ಷಮೆ ಸುಳ್ಳೇ?

ಉತ್ತರ: ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎರಡು ತಿಂಗಳಿಂದ ನೀವು ಔತಣದ ಬಾಗಿಲಲ್ಲಿ ಹಸಿದು ನಿಂತಿದ್ದೀರಿ.

ನಿಮ್ಮನ್ನು ತಡೆದಿರುವ ಆ ವಾಕ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಮತ್ತಾಯ 5:23ರಲ್ಲಿ ಸ್ವಾಮಿ ಹೇಳುವುದು, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ದೂರಿದೆಯೆಂದು ನೆನಪಾದರೆ ಎಂದು. ನಿನಗೆ ಅವನ ಮೇಲೆ ದೂರಿದ್ದರೆ ಎಂದಲ್ಲ. ಅಲ್ಲಿ ಎದ್ದು ಹೋಗಬೇಕಾದವನು ನೋವು ಕೊಟ್ಟವನು. ನೊಂದವರೇ ಈ ವಾಕ್ಯದ ಭಾರ ಹೊತ್ತು ಪೀಠದಿಂದ ದೂರ ಸರಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ; ಪ್ರತಿ ಸಲವೂ ಸಂಕಟವಾಗುತ್ತದೆ. ನೊಂದವರ ಹೊಣೆ ಮಾರ್ಕ 11:25ರಲ್ಲಿದೆ: ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ನಿಮಗೆ ದೂರಿದ್ದರೆ ಕ್ಷಮಿಸಿರಿ. ಅದನ್ನು ನಿಂತಲ್ಲಿಯೇ ಮಾಡಬಹುದು, ಪೀಠ ಬಿಟ್ಟು ಹೋಗಬೇಕಿಲ್ಲ. ಅಣ್ಣನಿಗೆ ಕೇಡಾಗಲಿ ಎಂದು ತಿಳಿದೂ ತಿಳಿದೂ ಹಾರೈಸುವುದಾದರೆ ಅದು ಪಾಪನಿವೇದನೆಗೆ ಒಯ್ಯಬೇಕಾದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ದ್ವೇಷವಲ್ಲ, ಮಾಯದ ಗಾಯ.

ಈಗ ಒಡಲ ಉರಿಯ ವಿಷಯ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2843ನೆಯ ಪರಿಚ್ಛೇದವು ಆದ ನೋವು ಅನುಭವಕ್ಕೆ ಬಾರದಂತೆ ಮಾಡುವುದಾಗಲಿ, ಅದನ್ನು ಮರೆಯುವುದಾಗಲಿ ನಮ್ಮ ಕೈಯಲ್ಲಿಲ್ಲ ಎಂದು ಸ್ಪಷ್ಟವಾಗಿ ಒಪ್ಪಿಕೊಳ್ಳುತ್ತದೆ. ಹೃದಯವನ್ನು ಪವಿತ್ರಾತ್ಮರಿಗೆ ಒಪ್ಪಿಸಿದಾಗ ಆ ಗಾಯವೇ ಇನ್ನೊಬ್ಬರ ಪರವಾದ ಪ್ರಾರ್ಥನೆಯಾಗಿ ಮಾರ್ಪಡುತ್ತದೆ ಎನ್ನುತ್ತದೆ. 'ಹೃದಯಪೂರ್ವಕವಾಗಿ ಕ್ಷಮಿಸಿ' ಎಂದಾಗ ನಾವು ಭಾವನೆಯನ್ನೇ ನೆನೆಯುತ್ತೇವೆ. ಬೈಬಲಿನಲ್ಲಿ ಹೃದಯವೆಂದರೆ ಮನುಷ್ಯ ಆಲೋಚಿಸಿ ನಿರ್ಧರಿಸುವ ತಾಣವೂ ಹೌದು. ನೀವು ನಿರ್ಧರಿಸಿದ್ದೀರಿ. ಭಾವನೆ ಹಿಂದಿನಿಂದ ಕುಂಟುತ್ತ ಬರುತ್ತಿದೆ, ಬರಲಿ ಬಿಡಿ.

ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ, ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಪೇತ್ರ ಕೇಳಿದಾಗ ಸ್ವಾಮಿ ಕೊಟ್ಟ ಉತ್ತರ ಕೆಲವು ಅನುವಾದಗಳಲ್ಲಿ 'ಎಪ್ಪತ್ತು ಏಳರಷ್ಟು' (ಎಪ್ಪತ್ತರ ಏಳು ಪಟ್ಟು), ಕೆಲವುಗಳಲ್ಲಿ 'ಎಪ್ಪತ್ತೇಳು ಸಲ'. ಗ್ರೀಕ್ ಮೂಲವು ಎರಡಕ್ಕೂ ಎಡೆಕೊಡುತ್ತದೆ. ನನ್ನ ಒಲವು ಎಪ್ಪತ್ತೇಳರ ಕಡೆಗೆ, ಕಾರಣ ಆದಿಕಾಂಡದ ನಾಲ್ಕನೆಯ ಅಧ್ಯಾಯ. ಕಾಯಿನನ ವಂಶದ ಲೆಮೆಕನು ತನಗಾದ ಗಾಯಕ್ಕೆ ಎಪ್ಪತ್ತೇಳರಷ್ಟು ಸೇಡು ಎಂದು ಹೆಂಡತಿಯರ ಮುಂದೆ ಕೊಚ್ಚಿಕೊಳ್ಳುತ್ತಾನೆ. ಸ್ವಾಮಿ ಆ ಸೇಡಿನ ಲೆಕ್ಕವನ್ನೇ ಕೈಗೆತ್ತಿಕೊಂಡು ಕ್ಷಮೆಯ ಲೆಕ್ಕವಾಗಿಸಿದರು. ಅದನ್ನು ಎಪ್ಪತ್ತೇಳು ಬೇರೆ ಬೇರೆ ತಪ್ಪುಗಳ ಎಣಿಕೆ ಎಂದು ಮಾತ್ರ ಓದಬೇಡಿ. ಒಂದೇ ತಪ್ಪು ಎಪ್ಪತ್ತೇಳು ಸಲ ನೆನಪಿಗೆ ಬರುತ್ತದೆ, ಬಂದಾಗಲೆಲ್ಲ ಅದನ್ನು ಮತ್ತೆ ಕ್ಷಮಿಸಬೇಕಾಗುತ್ತದೆ. ಪಾಪನಿವೇದನೆಯಲ್ಲಿ ನೀವು ಆಡಿದ್ದು ಮೊದಲನೆಯ ಸಲದ ಮಾತು.

ಅಲ್ಲಿಯೇ ಮುಂದೆ ಸ್ವಾಮಿ ಹೇಳುವ ಸಾಮತಿಯನ್ನೂ, ಅಂದರೆ ದೃಷ್ಟಾಂತ ಕಥೆಯನ್ನೂ, ಗಮನಿಸಿ. ಅರಸನಿಗೆ ಸೇವಕ ಕೊಡಬೇಕಿದ್ದುದು ಹತ್ತು ಸಾವಿರ ತಲೆಂತು. ತಲೆಂತೊಂದಕ್ಕೆ ಸುಮಾರು 6,000 ದಿನಾರಿ, ದಿನಾರಿಯೊಂದು ಆಳಿನ ದಿನಗೂಲಿ. ಅಂದರೆ ಆರು ಕೋಟಿ ದಿನಗಳ ಕೂಲಿ, ತೀರಿಸಲಾರದ ಸಾಲ. ಅರಸ ಅದನ್ನು ಮನ್ನಿಸಿಬಿಟ್ಟ. ಅದೇ ಸೇವಕ ತನ್ನ ಬಾಕಿಗಾಗಿ ಜೊತೆ ಸೇವಕನನ್ನು ಸೆರೆಗೆ ಹಾಕಿಸಿದ; ಆ ಬಾಕಿ ನೂರು ದಿನಾರಿ. ಇದನ್ನು ಪುಡಿಗಾಸು ಎಂದು ನಾನೂ ಹಿಂದೆ ಪ್ರಬೋಧನೆಯಲ್ಲಿ ಹೇಳಿದ್ದುಂಟು. ಒಮ್ಮೆ ಪೂಜೆಯ ನಂತರ ಕೂಲಿ ಮಾಡುವ ತಾಯಿಯೊಬ್ಬರು ಬಂದು, 'ಫಾದರ್, ನೂರು ದಿನದ ಕೂಲಿ ಚಿಕ್ಕದಲ್ಲ' ಎಂದರು. ಅವರ ಮಾತು ನಿಜ. ಸ್ವಾಮಿ ಒಂದು ದಿನಾರಿ ಎನ್ನಲಿಲ್ಲ, ನೂರು ಎಂದರು. ನಿಮಗಾದ ನಷ್ಟ ನಷ್ಟವೇ, ದೇವರು ಅದನ್ನು ಕಿರಿದುಮಾಡುವುದಿಲ್ಲ.

ಹಾಗಾಗಿ ನಿಮ್ಮ ಪಾಲನ್ನು ಕೇಳುವುದೂ ತಪ್ಪಲ್ಲ. ಅದೇ ಅಧ್ಯಾಯದಲ್ಲಿ, ಪೇತ್ರನ ಪ್ರಶ್ನೆಗೂ ಮೊದಲು, ತಪ್ಪು ಮಾಡಿದ ಸಹೋದರನ ಬಳಿಗೆ ಒಬ್ಬನೇ ಹೋಗಿ ತಿಳಿಸು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು ಎಂದಿದೆ. 1981ರ ಮೇ 13ರಂದು ಗುಂಡೇಟು ತಿಂದ ಎರಡನೆಯ ಜಾನ್ ಪಾಲ್ ಜಗದ್ಗುರುಗಳು (ಪೋಪ್) ನಾಲ್ಕೇ ದಿನಗಳಲ್ಲಿ ಆಸ್ಪತ್ರೆಯಿಂದಲೇ, ತಮಗೆ ಗುಂಡಿಟ್ಟ ಸಹೋದರನನ್ನು ಕ್ಷಮಿಸಿದ್ದಾಗಿ ಹೇಳಿದರು. 1983ರ ಡಿಸೆಂಬರಿನಲ್ಲಿ ಸೆರೆಮನೆಗೆ ಹೋಗಿ ಅವನ ಪಕ್ಕದಲ್ಲಿ ಕುಳಿತರು. ಆದರೂ ಅವನಿಗೆ ಇಟಲಿ ಸರ್ಕಾರದ ಕ್ಷಮಾದಾನ ದೊರೆತದ್ದು 2000ದಲ್ಲಿ. ಕ್ಷಮೆ ಮೊದಲು ಬಂತು, ಆದರೆ ನ್ಯಾಯದ ದಾರಿಯನ್ನು ಅದು ಮುಚ್ಚಲಿಲ್ಲ.

ಬರುವ ಭಾನುವಾರ ಪರಮಪ್ರಸಾದ ಸ್ವೀಕರಿಸಿ. ಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸಿ ಎನ್ನುವ ಸಾಲಿನಲ್ಲಿ ಬಾಯಿ ಕಟ್ಟಿದರೆ ಅಣ್ಣನ ಹೆಸರನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿ, ಮುಂದಕ್ಕೆ ಸಾಗಿ. ಅಷ್ಟು ಸಾಕು.

ಪ್ರಶ್ನೆ: ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಕೇಳಿ ಕೇಳಿ ಬಾಯಿಪಾಠವಾಗಿದೆ. ಮನಸ್ಸು ಎಲ್ಲೆಲ್ಲೋ ಅಲೆಯುತ್ತದೆ. ಏನು ಮಾಡಲಿ?

ಉತ್ತರ: ಭಾನುವಾರದ ವಾಚನಗಳದ್ದು ಮೂರು ವರ್ಷಗಳ ಸುತ್ತು: ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಮೂರನೆಯ ವರ್ಷ ಲೂಕ, ಯೊವಾನ್ನನ ಪಾಲು ಹೆಚ್ಚಾಗಿ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಮತ್ತು ಈಸ್ಟರಿನಿಂದ ಶುರುವಾಗುವ ಪಾಸ್ಖ ಕಾಲದಲ್ಲಿ. ವಾರದ ದಿನಗಳಲ್ಲಂತೂ ಅದೇ ಶುಭಸಂದೇಶ ಪ್ರತಿ ವರ್ಷ ಮರಳುತ್ತದೆ. ಮರಳಿ ಕೇಳಲೆಂದೇ ಹೀಗೆ ಜೋಡಿಸಿದ್ದಾರೆ.

ಶನಿವಾರ ರಾತ್ರಿ ವಾಚನವನ್ನು ಒಮ್ಮೆ ಗಟ್ಟಿಯಾಗಿ ಓದಿ, ಕಥೆಯಲ್ಲಿ ಇದುವರೆಗೆ ನೀವು ಗಮನಿಸದ ಒಬ್ಬರನ್ನು ಹುಡುಕಿ. ಮೇಲೆ ಹೇಳಿದ ಸಾಮತಿಯಲ್ಲಿ ಅರಸ ಮತ್ತು ಇಬ್ಬರು ಸಾಲಗಾರರು ಎಲ್ಲರಿಗೂ ಗೊತ್ತು. ನಡೆದದ್ದನ್ನು ಕಂಡು ತುಂಬ ನೊಂದುಕೊಂಡು, ಅರಸನ ಬಳಿಗೆ ಹೋಗಿ ಎಲ್ಲವನ್ನೂ ತಿಳಿಸಿದ ಬೇರೆ ಸೇವಕರೂ ಅಲ್ಲಿದ್ದಾರೆ, ಮೂವತ್ತೊಂದನೆಯ ವಾಕ್ಯದಲ್ಲಿ. ನನಗೆ ಅವರು ಕಣ್ಣಿಗೆ ಬಿದ್ದದ್ದು ಗುರುವಾಗಿ ಎಷ್ಟೋ ವರ್ಷಗಳಾದ ಮೇಲೆ. ತಪಸ್ಸುಕಾಲದ ಮೂರನೆಯ ಮಂಗಳವಾರ ಈ ವಾಚನ ಪ್ರತಿ ವರ್ಷ ಬರುತ್ತದೆ. ಮುಂದಿನ ಸಲ ಅವರ ನಡುವೆ ನಿಂತು ಕೇಳಿ ನೋಡಿ.