ಮೂರನೇ ಪುಟದಿಂದ ಶುರು ಮಾಡಿ

ಪ್ರಿಯ ಸಹೋದರರೇ,

ಅಶ್ಲೀಲ ವಿಡಿಯೋಗಳ ಕೇಡಿನ ಬಗ್ಗೆ ನೀವು ಕಳಿಸಿದ ‘ಸೈತಾನನ ಬಲೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಮೂರನೇ ಪುಟದಲ್ಲಿದೆ, ಆಮೇಲೆ ಹೇಳುತ್ತೇನೆ.

ಮೊದಲು ಬೈದು ಮುಗಿಸುತ್ತೇನೆ. ಐದು ಪುಟಗಳಲ್ಲಿ ಹದಿನೇಳು ಬೈಬಲ್ ವಚನಗಳನ್ನು ಸುರಿದಿದ್ದೀರಿ. ಒಂದರ ಹತ್ತಿರವೂ ನಿಂತು ನೋಡಿಲ್ಲ. ಮತ್ತಾಯ 5:28ನ್ನೇ ತೆಗೆದುಕೊಳ್ಳಿ. ಅಲ್ಲಿ ಯೇಸು ಹೆಂಗಸರಿಗೆ ಬುದ್ಧಿ ಹೇಳುತ್ತಿಲ್ಲ. ಹೆಣ್ಣನ್ನು ಆಸೆಗಣ್ಣಿನಿಂದ ನೋಡುವವನ ಹೃದಯವನ್ನೇ ಹಿಡಿದು ಕೇಳುತ್ತಿದ್ದಾನೆ. ನೀವೋ ಅದರ ಕೆಳಗೇ ‘ಬತ್ಷೆಬೆಯ ಚೆಲುವಿಗೆ ಬಲಿಯಾದ ದಾವೀದ’ ಎಂದು ಬರೆದಿದ್ದೀರಿ! 2 ಸಮುವೇಲ 11ನ್ನು ಇನ್ನೊಮ್ಮೆ ಓದಿ. ಸಂಜೆ ಅರಮನೆಯ ಮಾಳಿಗೆ ಮೇಲೆ ತಿರುಗಾಡುತ್ತಿದ್ದವನು ರಾಜ ದಾವೀದ. ನೋಡಿದವನು, ವಿಚಾರಿಸಿದವನು, ಆಳು ಕಳಿಸಿ ಕರೆಸಿದವನು ಅವನೇ. ಅವಳು ತನ್ನ ಸೈನಿಕ ಊರೀಯನ ಹೆಂಡತಿ ಅಂತ ಗೊತ್ತಾದ ಮೇಲೂ ಕರೆಸಿದ. ಬಲಿಯಾದವನು ಊರೀಯ, ದಾವೀದನೇ ಅವನನ್ನು ಯುದ್ಧದಲ್ಲಿ ಸಾಯಿಸಿದ. ಆಮೇಲೆ ಪ್ರವಾದಿ ನಾತಾನ ದಾವೀದನಿಗೆ ಹೇಳಿದ ಕಥೆಯಲ್ಲಿ, ಐಶ್ವರ್ಯವಂತ ಕಿತ್ತುಕೊಂಡ ಬಡವನ ಕುರಿಮರಿ ಏನು ತಪ್ಪು ಮಾಡಿತ್ತು?

ನಿಮ್ಮ ಲೇಖನದ ದೊಡ್ಡ ಕೊರತೆಯೂ ಅದೇ. ಪರದೆ ಮೇಲಿನ ಹೆಣ್ಣನ್ನು ಬಲೆ, ಬೆಂಕಿ, ಹಾವು ಎಂದೆಲ್ಲ ಕರೆದಿದ್ದೀರಿ. ಮನುಷ್ಯಳು ಅಂತ ಒಂದು ಸಲವೂ ಕರೆದಿಲ್ಲ. ದೇವರು ತನ್ನ ಸ್ವರೂಪದಲ್ಲೇ ಮನುಷ್ಯರನ್ನು ಸೃಷ್ಟಿಸಿದ ಎನ್ನುವ ಆದಿಕಾಂಡ 1:27 ಅವಳಿಗೂ ಸೇರಿದ್ದು, ಅಲ್ವಾ? ಅವಳು ಒಪ್ಪಿ ಬಂದಳೋ, ಯಾರಾದರೂ ಹೆದರಿಸಿದರೋ, ನಂಬಿದವನೇ ಕದ್ದು ಚಿತ್ರಿಸಿ ಹರಿಯಬಿಟ್ಟನೋ, ನೋಡುವವನಿಗೆ ತಿಳಿಯುವ ದಾರಿಯೇ ಇಲ್ಲ. ಕಥೋಲಿಕ ಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದ 2354ನೇ ಪರಿಚ್ಛೇದ ಇದನ್ನು ಮರೆತಿಲ್ಲ. ನಟಿಸುವವರು, ಮಾರುವವರು, ನೋಡುವವರು, ಮೂವರ ಘನತೆಗೂ ಪೆಟ್ಟು ಬೀಳುತ್ತದೆ ಅನ್ನುತ್ತದೆ. ನೀವು ನೋಡುವವನ ಬಗ್ಗೆ ಮಾತ್ರ ಅತ್ತಿದ್ದೀರಿ.

ಇನ್ನು ‘ವಿಜ್ಞಾನಿಗಳು ಹೇಳುತ್ತಾರೆ’. ಯಾವ ವಿಜ್ಞಾನಿಗಳು? ವಿಚ್ಛೇದನದ ಆ ಶೇಕಡಾ ಲೆಕ್ಕ ಎಲ್ಲಿಂದ ಬಂತು? ವಾಟ್ಸಾಪ್‌ನಿಂದ ಬಂದಿದ್ದರೆ ದಯವಿಟ್ಟು ಅಳಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ, 2022ರಿಂದ ಜಾರಿಯಲ್ಲಿರುವುದು, ಹತೋಟಿ ತಪ್ಪಿದ ಲೈಂಗಿಕ ನಡವಳಿಕೆಯನ್ನು ಕಾಯಿಲೆ ಎಂದು ಒಪ್ಪುತ್ತದೆ. ಆದರೆ ಹೆಂಡ, ಜೂಜಿನ ಚಟಗಳ ಗುಂಪಿಗೆ ಸೇರಿಸಿಲ್ಲ. ‘ನಾನು ಮಾಡಿದ್ದು ತಪ್ಪು’ ಎಂಬ ಸಂಕಟವೊಂದೇ ಇದ್ದರೆ ಅದು ಕಾಯಿಲೆ ಆಗುವುದಿಲ್ಲ ಎಂದೂ ಹೇಳುತ್ತದೆ. ಇದು ನಮ್ಮ ಓದುಗರಿಗೆ ಬೇಕಾದ ಮಾತು. ಎರಡು ಸಲ ನೋಡಿ ರಾತ್ರಿಯೆಲ್ಲ ಅಳುವ ಹುಡುಗನಿಗೆ ‘ನೀನು ರೋಗಿ’ ಅಂದರೆ ಅವನು ಇನ್ನೂ ಮುದುಡಿಕೊಳ್ಳುತ್ತಾನೆ. ಪಾಪಕ್ಕೆ ಕ್ಷಮೆ ಇದೆ ಅಂತ ಅವನಿಗೆ ಹೇಳುವವರು ಬೇಕು. ಕೈಮೀರಿದವನಿಗೆ ಪಾಸ್ಟರ್ ಜೊತೆ ಡಾಕ್ಟರೂ ಬೇಕು.

ಈಗ ಮೂರನೇ ಪುಟಕ್ಕೆ ಬರೋಣ. ‘ಒಬ್ಬ ಸಹೋದರ’ನ ಕಥೆ ಹೇಳುತ್ತಾ ಹೀಗೆ ಬರೆದಿದ್ದೀರಿ: ‘ಹೆಂಡತಿ ಒಳಗೆ ಬಂದ ಕೂಡಲೇ ಫೋನನ್ನು ಮಗುಚಿ ಇಟ್ಟೆ. ಅವಳು ಏನೂ ಕೇಳಲಿಲ್ಲ. ಆವತ್ತಿನಿಂದ ಬಾಗಿಲ ಹತ್ತಿರ ಬಂದಾಗಲೆಲ್ಲ ಒಮ್ಮೆ ಕೆಮ್ಮಿ ಒಳಗೆ ಬರುತ್ತಾಳೆ.’

‘ಇಟ್ಟನು’ ಅಲ್ಲ, ‘ಇಟ್ಟೆ’. ಕೈತಪ್ಪೋ ಏನೋ, ನಾನು ಕೇಳುವುದಿಲ್ಲ. ಆದರೆ ಇಡೀ ಲೇಖನದಲ್ಲಿ ನನ್ನ ಎದೆಗೆ ತಾಗಿದ್ದು ಆ ಕೆಮ್ಮು. ತನ್ನ ಮನೆಯಲ್ಲೇ ಹೆಂಡತಿ ಅಪ್ಪಣೆ ಕೇಳಿ ಒಳಗೆ ಬರುವ ಹಾಗಾಯಿತು. ‘ಕುಟುಂಬ ಛಿದ್ರವಾಗುತ್ತದೆ’ ಎಂದು ನೀವು ಆರು ಸಲ ಬರೆದಿದ್ದಕ್ಕಿಂತ ಇದು ಜಾಸ್ತಿ ಹೇಳುತ್ತದೆ. ಅಲ್ಲಿಂದಲೇ ಶುರು ಮಾಡಿ. ವಚನ ಎರಡು ಸಾಕು.

ಕೊನೆಯ ಪುಟ ನಾನು ನಂಬಲಿಲ್ಲ. ‘ಮೊಣಕಾಲೂರಿ ಪ್ರಾರ್ಥಿಸಿದನು, ಬಿಡುಗಡೆಯಾಯಿತು.’ ಮರುದಿನ ರಾತ್ರಿ ಏನಾಯಿತು? ಫೋನನ್ನು ಎಲ್ಲಿಟ್ಟು ಮಲಗಿದ? ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಎನ್ನುತ್ತದೆ ಯಾಕೋಬ 5:16. ಅವನು ಯಾರಿಗೆ ಹೇಳಿದ? ಹೆಂಡತಿಗೆ ಹೇಳಿದನಾ?

ಹೆಸರು ಹಾಕದೆ ಪ್ರಕಟಿಸುತ್ತೇವೆ, ಆ ಚಿಂತೆ ಬೇಡ. ಆದರೆ ತಿದ್ದಿದ ಪ್ರತಿಯನ್ನು ನನಗಿಂತ ಮೊದಲು ಬಾಗಿಲಲ್ಲಿ ಕೆಮ್ಮುವ ಆ ಹೆಂಡತಿ ಓದಬೇಕು. ಬೇಡ ಅಂದರೆ ಕಳಿಸಬೇಡಿ. ಸರಿ ಅಂದರೆ, ಆ ಕೆಮ್ಮು ಈಗ ನಿಂತಿದೆಯಾ ಅಂತಲೂ ಬರೆಯಿರಿ. ನಿಂತಿಲ್ಲದಿದ್ದರೆ ನಿಂತಿಲ್ಲ ಅಂತಲೇ ಬರೆಯಿರಿ.

ಇಂತಿ,
ಸಂಪಾದಕ